ಮತದಾನದ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು

ನಾನು, ಊರಿನವರೆಲ್ಲ ಮೈಕಣ್ಣ ಎಂದು ಕರೆಯುವವನು, ವಯಸ್ಸು ಐವತ್ತನಾಲ್ಕು, ಉದ್ಯೋಗ ಈ ಕ್ಷೇತ್ರದ ಶಾಸಕ, ವಾಸ ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಮನೆ ಸಂಖ್ಯೆ 14. ಈ ದಿನ ಸಂಜೆ 5.15ಕ್ಕೆ ಠಾಣೆಗೆ ಬಂದು, ಯಾರೂ ಹೇಳಿಕೊಡದೆ, ನನ್ನ ಸ್ವಂತ ತಿಳಿವಳಿಕೆಯಿಂದ ಬರೆಸುತ್ತಿರುವುದೇನೆಂದರೆ:

ಶಾಸಕ ಎಂಬುದನ್ನು ಉದ್ಯೋಗ ಎಂದು ಬರೆಯಬಹುದೇ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆ ಪೆನ್ನು ಎತ್ತಿ ಕೇಳಿದರು. ಸಂಬಳ ಬರುತ್ತದೆ, ಬರೆದುಕೊಳ್ಳಿ ಎಂದೆ. ಮೈಕು ಸಿಕ್ಕರೆ ಬಿಡುವವನಲ್ಲ ಎಂದು ನನಗೆ ಈ ಹೆಸರು ಬಂದಿದೆ. ಆದ್ದರಿಂದ ಮಾತು ಉದ್ದವಾದರೆ ಪೇದೆಯವರು ತಡೆಯಬಹುದು ಎಂದು ಮೊದಲೇ ಹೇಳಿದ್ದೇನೆ.

ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬರು ನನ್ನನ್ನು ಬಲವಂತವಾಗಿ ಕೂಡಿಹಾಕಿ, ಇಂದು ಸದನದಲ್ಲಿ ಬಜೆಟ್ ಮತದಾನಕ್ಕೆ ಹೋಗದಂತೆ ತಡೆದರು ಎಂದು ನಮ್ಮ ಪಕ್ಷದ ಮುಖ್ಯ ಸಚೇತಕರು ದೂರು ಕೊಟ್ಟಿದ್ದಾರೆ. ಮತದಾನಕ್ಕೆ ಎಲ್ಲರನ್ನೂ ತಂದು ಕೂರಿಸುವುದು ಅವರ ಕೆಲಸ. ಆ ದೂರಿನ ಮೇಲೆ ಪೊಲೀಸರು ನರ್ಸನ್ನು ಕರೆತಂದು ಈ ಕೋಣೆಯ ಬೆಂಚಿನ ಮೇಲೆ ಕೂರಿಸಿದ್ದಾರೆ. ದೂರು ಸುಳ್ಳು. ನಡೆದದ್ದು ಹೀಗೆ.

ಬೆಳಿಗ್ಗೆ ಹತ್ತೂವರೆಗೆ ಮನೆ ಬಿಟ್ಟೆ. ಸದನ ಇರುವುದು ಇಲ್ಲಿಂದ 46 ಕಿಲೋಮೀಟರ್ ದೂರದಲ್ಲಿ. ಮತದಾನ ಮಧ್ಯಾಹ್ನ ಮೂರೂವರೆಗೆ. ಪಕ್ಷದ ಎಲ್ಲರೂ ಹಾಜರಿದ್ದು ಬಜೆಟ್ ಪರವಾಗಿ ಕೈ ಎತ್ತಬೇಕು, ಬಾರದವರು ಶಾಸಕ ಸ್ಥಾನ ಕಳೆದುಕೊಳ್ಳುತ್ತಾರೆ ಎಂದು ಲಿಖಿತ ಆಜ್ಞೆ ಬಂದಿತ್ತು. ಕಾರು ಪೇಟೆ ದಾಟುವಾಗ ನನ್ನ ಡ್ರೈವರ್ ತನ್ನ ತಮ್ಮನ ವಿಷಯ ಎತ್ತಿದ. ಆ ಹುಡುಗ ಮನೆಗಳಿಗೆ ಬಣ್ಣ ಹೊಡೆಯುವವನು, ಇಪ್ಪತ್ತೆಂಟು ವರ್ಷ. ಹಿಂದಿನ ದಿನ ಮೂರನೇ ಮಹಡಿಯ ಎತ್ತರಕ್ಕೆ ಕಟ್ಟಿದ್ದ ಬಿದಿರಿನ ಸಾರುವೆಯಿಂದ ಬಿದ್ದು ಆಸ್ಪತ್ರೆ ಸೇರಿದ್ದ.

“ಅಣ್ಣಾ, ಹತ್ತೇ ನಿಮಿಷ. ನೀವು ಬಂದು ಒಂದ್ಸಲ ಮುಖ ತೋರಿಸಿದ್ರೆ ಸಾಕು, ಸ್ವಲ್ಪ ಗಮನ ಕೊಡ್ತಾರೆ,” ಎಂದ. ಹನ್ನೊಂದು ವರ್ಷದಿಂದ ನನ್ನ ಕಾರು ಓಡಿಸುತ್ತಿರುವವನು ತನಗಾಗಿ ಏನನ್ನೂ ಕೇಳಿದವನಲ್ಲ. ಹೊತ್ತು ಬೇಕಾದಷ್ಟಿತ್ತು. ಒಳ್ಳೆಯ ಹೆಸರೂ ಬರುತ್ತದೆ ಎಂದುಕೊಂಡು ನಡಿ ಎಂದೆ.

ಆಸ್ಪತ್ರೆಯ ಮೊದಲ ಮಹಡಿಯ ವಾರ್ಡಿನಲ್ಲಿ ಮೂವತ್ತೊಂದು ಮಂಚಗಳಿದ್ದವು, ಒಂದೂ ಖಾಲಿ ಇರಲಿಲ್ಲ. ಡ್ರೈವರನ ತಮ್ಮ ಬಾಗಿಲ ಪಕ್ಕದ ಮಂಚದಲ್ಲಿದ್ದ. ಅವನ ಬಾಯೊಳಗೆ ಕೊಳವೆ ಇಳಿಸಿ, ಅದರ ತುದಿಗೆ ರಬ್ಬರ್ ಚೀಲ ಸಿಕ್ಕಿಸಿದ್ದರು. ಚೀಲ ಒತ್ತಿದರೆ ಅವನ ಎದೆಗೆ ಗಾಳಿ ಹೋಗುತ್ತದೆ, ಬಿಟ್ಟರೆ ಇಲ್ಲ. ಅವನ ಹೆಂಡತಿ ಹಿಂದಿನ ಸಂಜೆಯಿಂದ ಅದನ್ನು ಒತ್ತುತ್ತ ನಿಂತಿದ್ದಳು. ನಡುವೆ ಡ್ರೈವರ್ ಸ್ವಲ್ಪ ಹೊತ್ತು ಒತ್ತಿದ್ದನಂತೆ. ಈ ಕೆಲಸ ಮಾಡಬೇಕಾದ ಯಂತ್ರ ಗೋಡೆ ಪಕ್ಕದಲ್ಲೇ ಇತ್ತು. ಅದರ ಮೇಲೆ ಹಾಸಿಗೆ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಯಾರೋ ಟವೆಲ್ ಒಣಹಾಕಿದ್ದರು. ಯಂತ್ರ ಕೆಟ್ಟು ಏಳು ತಿಂಗಳಾಗಿದೆ. ಅದರ ರಿಪೇರಿಗೆಂದು ವರ್ಷವರ್ಷ ಇಡುತ್ತಿದ್ದ ಹಣವನ್ನು ಕಳೆದ ಬಜೆಟ್ಟಿನಲ್ಲಿ ತೆಗೆದರು. ಕೊಂಡು ಮುಗಿದ ಯಂತ್ರಕ್ಕೆ ಮತ್ತೆ ಮತ್ತೆ ಯಾಕೆ ದುಡ್ಡು ಸುರಿಯಬೇಕು ಎಂದು ಆಗ ಸದನದಲ್ಲಿ ಮಾತಾಡಿದವರಲ್ಲಿ ನಾನೂ ಒಬ್ಬ. ನಮ್ಮವರು ಮೇಜು ತಟ್ಟಿದ್ದರು.

ಹೇಳಿಕೆಗೆ ಇದು ಬೇಕೇ ಎಂದು ಪೇದೆ ಕೇಳಿದರು. ಬೇಕು ಎಂದೆ.

ಡಾಕ್ಟರು ಒಬ್ಬರೇ ಇದ್ದರು, ಅವರು ಆಪರೇಷನ್ ಕೋಣೆಯಲ್ಲಿದ್ದರು. ಇಡೀ ಮಹಡಿಗೆ ನರ್ಸ್ ಒಬ್ಬರೇ. ಯಂತ್ರವಿರುವ ಆಂಬುಲೆನ್ಸ್ ಬಂದರೆ ದೊಡ್ಡಾಸ್ಪತ್ರೆಗೆ ಸಾಗಿಸಬಹುದು, ಫೋನಿನಲ್ಲಿ ಕೇಳಿದರೆ ಸರದಿ ಎನ್ನುತ್ತಾರೆ, ಯಾರಾದರೂ ಆಂಬುಲೆನ್ಸ್ ಕಚೇರಿಗೆ ಖುದ್ದಾಗಿ ಹೋಗಿ ಕೂತರೆ ಮೇಲು ಎಂದು ಅವರು ಹೇಳಿದರು. ಡ್ರೈವರ್ ನನ್ನ ಮುಖ ನೋಡಿದ. ಕಾರು ತೆಗೆದುಕೊಂಡು ಹೋಗು, ಒಂದೂವರೆಯೊಳಗೆ ಬಾ ಎಂದೆ. ಅವನು ಓಡಿದ.

ಅವನು ಮೆಟ್ಟಿಲು ಇಳಿದಿರಬೇಕಷ್ಟೆ, ತಮ್ಮನ ಹೆಂಡತಿ ಚೀಲ ಹಿಡಿದಲ್ಲೇ ಕುಸಿದಳು. ನರ್ಸ್ ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ಚೀಲವನ್ನೂ ಹಿಡಿದುಕೊಂಡರು. ಹತ್ತಿರ ನಿಂತಿದ್ದವನು ನಾನು. “ಸಾರ್, ಇದನ್ನ ಹಿಡ್ಕೊಳ್ಳಿ. ನೀವು ಉಸಿರು ತಗೊಂಡಾಗೆಲ್ಲ ಅವನಿಗೂ ಒಂದು ಕೊಡಿ. ನಾನು ಬರೋ ತನಕ ಬಿಡಬೇಡಿ,” ಎಂದರು. ಇದನ್ನೇ ದೂರಿನಲ್ಲಿ ಬಲವಂತ ಎಂದು ಬರೆದಿದ್ದಾರೆ. ಆಕೆ ನನ್ನನ್ನು ಮುಟ್ಟಲಿಲ್ಲ, ಬಾಗಿಲು ಹಾಕಲಿಲ್ಲ. ನಾನು ಯಾರೆಂದು ಕೂಡ ಆಗ ಆಕೆಗೆ ಗೊತ್ತಿರಲಿಲ್ಲ.

ಆಗ ಗಂಟೆ 11.20. ನರ್ಸ್ ಆ ಹೆಣ್ಣುಮಗಳನ್ನು ಪಕ್ಕದ ವಾರ್ಡಿನಲ್ಲಿ ಮಲಗಿಸಿ ಗ್ಲೂಕೋಸ್ ಹಾಕಿ ಬರುವಷ್ಟರಲ್ಲಿ ಅಲ್ಲೊಂದು ಹೆರಿಗೆ ಶುರುವಾಯಿತು. ಆಮೇಲೆ ಯಾರಿಗೋ ಫಿಟ್ಸ್. ಎರಡು ಸಲ ಬಂದು ಚೀಲ ತೆಗೆದುಕೊಂಡು, ನನಗೆ ನೀರು ಕುಡಿಯಲು ಹೊತ್ತು ಕೊಟ್ಟು, ಮತ್ತೆ ನನ್ನ ಕೈಗಿಟ್ಟು ಓಡಿದರು. ನಡುವೆ ಡಾಕ್ಟರು ಬಂದು ರೋಗಿಯ ಕಣ್ಣಿಗೆ ಟಾರ್ಚ್ ಹಾಕಿ ನೋಡಿ, ಒತ್ತುತ್ತಿರಿ ಎಂದಷ್ಟೇ ಹೇಳಿ ಹೋದರು.

ಹುಡುಗನ ಕಿವಿಯ ಹಿಂದೆ ಹಳದಿ ಪೇಂಟಿನ ಒಂದು ಹನಿ ಒಣಗಿ ಅಂಟಿಕೊಂಡಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಬೇರೆ ಕಡೆ ನೋಡಿದರೆ ಲೆಕ್ಕ ತಪ್ಪುತ್ತದೆ, ಒಂದು ಉಸಿರು ಕಡಿಮೆ ಬೀಳುತ್ತದೆ ಎಂದು ಭಯ. ನಿಜ ಹೇಳಬೇಕೆಂದರೆ ನನಗೆ ತುಂಬಾ ಭಯವಾಗಿತ್ತು. ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ವಯಸ್ಸಾದ ಟೈಲರ್ ಒಬ್ಬರು ನನ್ನ ಗುರುತು ಹಿಡಿದರು. “ಶಾಸಕರ ಕೈಯಿಂದ ಒಂದು ಕೆಲಸ ಆಗೋದನ್ನ ಸಾಯೋದರೊಳಗೆ ನೋಡಿಬಿಟ್ಟೆ ಬಿಡಿ,” ಎಂದರು. ಉತ್ತರ ಬಾಯಿಗೆ ಬಂದಿತ್ತು, ಆದರೆ ಮಾತಾಡಿದರೆ ಉಸಿರಿನ ಲೆಕ್ಕ ತಪ್ಪುತ್ತಿತ್ತು. ರಾಜಕೀಯಕ್ಕೆ ಬಂದ ಮೇಲೆ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು.

ಒಂದೂವರೆಯಾಯಿತು, ಡ್ರೈವರ್ ಬರಲಿಲ್ಲ. ಎರಡು ಗಂಟೆಗೆ ನನ್ನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಟೈಲರ್ ಮಂಚದಿಂದ ವಾಲಿ, ಅದನ್ನು ಹೊರತೆಗೆದು ನನ್ನ ಕಿವಿಗೆ ಹಿಡಿದರು. ಸಚೇತಕರು. ಎಲ್ಲಿ ಸತ್ತಿದ್ದೀಯ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿಸಿಕೊಂಡರು. ಅವರಿಗೆ ತಪ್ಪು ತಿಳಿವಳಿಕೆಯಾಗಿಲ್ಲ ಎಂಬುದನ್ನು ದಯವಿಟ್ಟು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಬೇರೆ ಯಾರ ಕೈಗಾದರೂ ಕೊಟ್ಟು ಬಾ ಎಂದರು. ಯಾರೂ ಇಲ್ಲ ಎಂದೆ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಯಾರೂ ಇಲ್ಲವೇ ಎಂದರು. ಇಲ್ಲ, ಯಂತ್ರವೂ ಇಲ್ಲ, ಅದರ ರಿಪೇರಿ ದುಡ್ಡನ್ನು ನಾವೇ ತೆಗೆದಿದ್ದೇವಲ್ಲ ಎಂದೆ.

“ನೋಡಪ್ಪ, ನೀನು ಬರದೇ ಇದ್ರೆ ಆ ಕಡೆಯವರಿಗೆ ಮಾರಿಕೊಂಡೆ ಅಂತಾರೆ. ನೀನಾಗಿ ಕೂತಿದ್ರೆ ಸೀಟು ಹೋಯ್ತು. ಯಾರಾದ್ರೂ ಹಿಡಿದು ಕೂರಿಸಿದ್ರೆ ಉಳೀತು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ, ಮಿಕ್ಕಿದ್ದು ನಂಗೆ ಬಿಡು,” ಎಂದು ಫೋನ್ ಇಟ್ಟರು. ಮಿಕ್ಕಿದ್ದು ಎಂದರೆ ಏನೆಂದು ಆಗ ನನಗೆ ಹೊಳೆಯಲಿಲ್ಲ. ಕೈ ನೋಯುತ್ತಿತ್ತು.

ಮೂರೂವರೆ ದಾಟಿತು. ಇಂದು ಅಂಗೀಕಾರವಾದ ಬಜೆಟ್ಟಿನಲ್ಲಿ ಗುತ್ತಿಗೆ ನರ್ಸುಗಳಲ್ಲಿ ಮೂರನೇ ಒಂದು ಭಾಗವನ್ನು ಮುಂದಿನ ತಿಂಗಳಿಂದ ಕೈಬಿಡುವ ಪ್ರಸ್ತಾವ ಇದೆ. ಬೆಂಚಿನ ಮೇಲೆ ಕೂತಿರುವ ಈಕೆಯೂ ಗುತ್ತಿಗೆಯವರೇ. ನಾನು ಸತ್ಯ ಹೇಳಲು ಬಂದಿರುವುದರಿಂದ ಇದನ್ನೂ ಹೇಳಬೇಕು. ಡ್ರೈವರ್ ಒಂದೂವರೆಗೆ ಬಂದಿದ್ದರೆ ನಾನು ಚೀಲವನ್ನು ಅವನ ಕೈಗೆ ಕೊಟ್ಟು, ಕೈ ತೊಳೆದುಕೊಂಡು, ಸದನಕ್ಕೆ ಹೋಗಿ ಕೈ ಎತ್ತುತ್ತಿದ್ದೆ. ಕೊಬ್ಬು ಕರಗಿಸದೆ ಸರ್ಕಾರ ನಡೆಯುವುದಿಲ್ಲ ಎಂದು ನಾಲ್ಕು ಮಾತು ಆಡಿಯೂ ಬರುತ್ತಿದ್ದೆ. ನನ್ನನ್ನು ತಡೆದದ್ದು ನನ್ನ ಮನಸ್ಸಲ್ಲ. ಕೈ ಖಾಲಿ ಇರಲಿಲ್ಲ, ಅಷ್ಟೇ. ನಾನಿಲ್ಲದೆಯೂ ಬಜೆಟ್ ಇಪ್ಪತ್ತೊಂದು ಮತಗಳ ಅಂತರದಿಂದ ಪಾಸಾಯಿತು ಎಂದು ಆಮೇಲೆ ತಿಳಿಯಿತು.

ನಾಲ್ಕು ಗಂಟೆಗೆ ಡ್ರೈವರ್ ಬಂದ. ಯಂತ್ರವಿರುವ ಆಂಬುಲೆನ್ಸ್ ಇಡೀ ಜಿಲ್ಲೆಗೆ ಒಂದೇ, ಅದು ನಾಳೆ ಬೆಳಿಗ್ಗೆ ಬರುತ್ತದೆ ಎಂದ. ಅವನು ಇನ್ನೂ ಹೇಳುತ್ತಿರುವಾಗಲೇ ಪೊಲೀಸರು ಬಂದರು. ಇಬ್ಬರು ನನ್ನ ಬಳಿ ನಿಂತು, ಸಾರ್ ಇನ್ನು ನೀವು ಸುರಕ್ಷಿತ ಎಂದರು. ಮಹಿಳಾ ಪೇದೆಯೊಬ್ಬರು ನರ್ಸಿನ ತೋಳು ಹಿಡಿದರು. ನಾನು ಕೂಗಾಡಿದೆ, ಆದರೆ ಚೀಲ ಬಿಟ್ಟು ಏಳಲು ಆಗಲಿಲ್ಲ. ಡ್ರೈವರ್ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳುವಷ್ಟರಲ್ಲಿ ನರ್ಸನ್ನು ಜೀಪಿಗೆ ಹತ್ತಿಸಿಯಾಗಿತ್ತು. ಆಕೆ ಕೂಗಿ ಹೇಳಿದ್ದು ಒಂದೇ ಮಾತು, ಹದಿನೇಳನೇ ಮಂಚದವರಿಗೆ ಇಂಜೆಕ್ಷನ್ ಬಾಕಿ ಇದೆ ಎಂದು.

ನಾನು ಆಟೋ ಹಿಡಿದು ಬಂದೆ. ಠಾಣೆಯಲ್ಲಿ ಇನ್ಸ್‌ಪೆಕ್ಟರು ನನಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಬಗ್ಗಿ ಮೆಲ್ಲಗೆ ಹೇಳಿದರು: “ಬಲವಂತವಾಗಿ ಕೂರಿಸಿಕೊಂಡರು ಅಂತ ಒಂದು ವಾಕ್ಯ ಬರೆಸಿ ಸಾರ್. ನಿಮ್ಮ ಸೀಟು ಉಳಿಯುತ್ತೆ. ಆಯಮ್ಮನಿಗೂ ನಾಳೆ ನಾಡಿದ್ದು ಜಾಮೀನು ಸಿಗುತ್ತೆ.” ಮನೆಯಿಂದ ನನ್ನ ಹೆಂಡತಿಯೂ ಫೋನ್ ಮಾಡಿ, ಒಂದು ಮಾತು ಹೇಳಿ ಬಂದುಬಿಡಿ, ಯಾರಿಗೇನು ನಷ್ಟ ಎಂದಳು. ಚಹಾ ಆರುವವರೆಗೂ ನಾನು ಯೋಚನೆ ಮಾಡಿದೆ ಎಂಬುದನ್ನೂ ಬರೆದುಕೊಳ್ಳಿ.

ನರ್ಸಿಗೆ ಎಲ್ಲವೂ ಕೇಳಿಸುತ್ತಿತ್ತು. “ಬರೆಸಿಬಿಡಿ ಸಾರ್. ಒಳಗೆ ಹಾಕಿದ್ರೆ ರಾತ್ರಿಯಾದ್ರೂ ನಿದ್ದೆ ಮಾಡ್ತೀನಿ. ಮುಂದಿನ ತಿಂಗಳಿಂದ ಹೇಗೂ ಮನೇಲೇ ಅಲ್ವಾ?” ಎಂದು ನಕ್ಕರು. ಆ ನಗು ನೋಡಿ ನನಗೆ ತಲೆ ಎತ್ತಲು ಆಗಲಿಲ್ಲ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ನಾನಾಗಿ ಕೂತಿದ್ದೆ ಎಂದು ಬರೆಸಿದೆ. ಸೀಟು ಹೋಗುತ್ತದೆ ಎಂದು ಗೊತ್ತಿದ್ದೇ ಬರೆಸಿದೆ.

ಹಾಗಾದರೆ ಈಕೆಯನ್ನು ಬಿಡಿ ಎಂದೆ. ದೂರು ಕೊಟ್ಟವರು ನೀವಲ್ಲವಲ್ಲ ಸಾರ್, ಅವರೇ ಹಿಂದೆ ತೆಗೆದುಕೊಳ್ಳಬೇಕು ಇಲ್ಲವೇ ಮೇಲಿನಿಂದ ಹೇಳಬೇಕು ಎಂದು ಇನ್ಸ್‌ಪೆಕ್ಟರು ಕೈ ಚೆಲ್ಲಿದರು. ಸಚೇತಕರ ಫೋನ್ ಆಫ್ ಆಗಿತ್ತು. ಬಜೆಟ್ ಪಾಸಾದ ಖುಷಿಗೆ ಔತಣ ನಡೆಯುತ್ತಿದೆ ಎಂದು ಅವರ ಸಹಾಯಕ ಹೇಳಿದ. ಎಂಟು ಸಲ ಫೋನ್ ಮಾಡಿದೆ. ಮಂತ್ರಿಯೊಬ್ಬರು ನನ್ನ ದನಿ ಕೇಳಿದ ಕೂಡಲೇ ಲೈನ್ ಕತ್ತರಿಸಿದರು.

ಆರೂ ಮುಕ್ಕಾಲಿಗೆ ಡ್ರೈವರ್ ನನ್ನ ಫೋನಿಗೆ ಕರೆ ಮಾಡಿದ. “ಅಣ್ಣಾ, ನರ್ಸಮ್ಮನಿಗೆ ಕೊಡಿ, ಬೇಗ ಕೊಡಿ,” ಎಂದ. ನಾನು ಎದ್ದು ಆಕೆಯ ಕಿವಿಗೆ ಫೋನ್ ಹಿಡಿದೆ. ಚೀಲ ಗಟ್ಟಿಯಾಗಿದೆ, ಎಷ್ಟು ಒತ್ತಿದರೂ ಗಾಳಿ ಹೋಗುತ್ತಿಲ್ಲ ಎಂದು ಅವನು ಅಳುತ್ತಿದ್ದದ್ದು ನನಗೂ ಕೇಳಿಸಿತು. ಹಗಲಿನ ಡಾಕ್ಟರು ಐದಕ್ಕೇ ಹೋಗಿದ್ದರು, ರಾತ್ರಿಯವರು ಬರುವುದು ಎಂಟಕ್ಕೆ. “ಅಳಬೇಡಪ್ಪ, ಕೇಳಿಸ್ಕೋ. ಕೊಳವೆಯಲ್ಲಿ ಕಫ ಕಟ್ಟಿದೆ. ಮಂಚದ ಕೆಳಗೆ ಬಿಳಿ ಡಬ್ಬಿ ತರದ ಮಿಷನ್ ಇದೆ, ಅದರ ಸಣ್ಣ ಪೈಪನ್ನ ಒಳಗೆ ಬಿಡು. ಹೆದರಬೇಡ, ಇನ್ನೂ ಒಳಗೆ,” ಎಂದರು. ಅಲ್ಲಿ ಟೈಲರ್ ಒಂಟಿ ಕಾಲಿನಲ್ಲಿ ನಿಂತು ಫೋನ್ ಹಿಡಿದಿದ್ದರಂತೆ.

ಆಕೆಯನ್ನು ಜೀಪಿನಲ್ಲಿ ಕಳಿಸಿ, ಮೂರೇ ಕಿಲೋಮೀಟರ್, ನಾನು ಒತ್ತೆ ಕೂತಿರುತ್ತೇನೆ ಎಂದು ಇನ್ಸ್‌ಪೆಕ್ಟರಿಗೆ ಕೈ ಮುಗಿದೆ. ಅವರು ಮೇಲಧಿಕಾರಿಗೆ ಫೋನ್ ಮಾಡಿದರು, ಅದು ಎಂಗೇಜ್ ಬಂತು. ಮತ್ತೆ ಮಾಡಿದರು. ಕೊನೆಗೆ ಆಗಿದ್ದಾಗಲಿ ನಡೀರಿ ಎಂದು ಟೋಪಿ ಹಾಕಿಕೊಂಡು ಜೀಪಿನ ಕೀ ತೆಗೆದುಕೊಂಡರು. ಅಷ್ಟರಲ್ಲಿ ನರ್ಸ್ ಫೋನಿಗೆ, “ಎದೆ ಮೇಲೆ ಕಿವಿ ಇಟ್ಟು ನೋಡು,” ಎಂದರು. ಆಮೇಲೆ, “ಇನ್ನೊಂದ್ಸಲ ನೋಡು,” ಎಂದರು. ಆಮೇಲೆ ಬಹಳ ಮೆತ್ತಗೆ, “ಸಾಕು ಬಿಡಪ್ಪ. ಕೈ ತೆಗಿ,” ಎಂದರು. ಇನ್ಸ್‌ಪೆಕ್ಟರು ಕೀ ಹಿಡಿದುಕೊಂಡೇ ನಿಂತುಬಿಟ್ಟರು.

ಆಕೆ ಪೇದೆಯನ್ನು ಗಂಟೆ ಎಷ್ಟು ಎಂದು ಕೇಳಿದರು. ಪೇದೆ ಗೋಡೆ ಗಡಿಯಾರ ನೋಡಿ 6.52 ಎಂದರು. ಎಲ್ಲಾದರೂ ಬರೆದಿಡಿ, ಅಲ್ಲಿ ಬರೆಯುವವರು ಯಾರೂ ಇಲ್ಲ ಎಂದು ಆಕೆ ಹೇಳಿದರು. ಪೇದೆ ಅದನ್ನು ಈ ಹೇಳಿಕೆಯ ಅಂಚಿನಲ್ಲೇ ಬರೆದಿದ್ದಾರೆ.

7.10ಕ್ಕೆ ಮೇಲಧಿಕಾರಿ ತಾವಾಗಿಯೇ ಫೋನ್ ಮಾಡಿದರು. ಇನ್ಸ್‌ಪೆಕ್ಟರು ಎದ್ದು ನಿಂತು ನಡೆದದ್ದನ್ನೆಲ್ಲ ತಿಳಿಸಿ, ಅವರು ಹೇಳಿದ್ದನ್ನು ಕೇಳಿಸಿಕೊಂಡರು. ಶಾಸಕರೇ ಹೀಗೆ ಬರೆಸಿದ ಮೇಲೆ ಕೂಡಿಹಾಕಿದ ಕೇಸು ನಿಲ್ಲುವುದಿಲ್ಲ, ಆದರೆ ಈಗ ವಾರ್ಡಿನಲ್ಲಿ ಸಾವಾಗಿದೆ, ಆ ಹೊತ್ತಿಗೆ ನರ್ಸ್ ಕೆಲಸದ ಜಾಗದಲ್ಲಿ ಇರಲಿಲ್ಲ, ಅದಕ್ಕೆ ಬೇರೆ ಕೇಸು ಮಾಡಬೇಕು ಎಂದು ಆದೇಶವಾಗಿದೆ. ನನ್ನ ಮುಖ ನೋಡದೆ ಇನ್ಸ್‌ಪೆಕ್ಟರು ಇದನ್ನು ತಿಳಿಸಿದರು.

ಆದಕಾರಣ ಆ ಕೇಸಿಗೂ ನನ್ನ ಹೇಳಿಕೆಯನ್ನು ಈಗಲೇ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಈ ದಿನ ಸಂಜೆ 6.52ಕ್ಕೆ ಸದರಿ ನರ್ಸ್ ಎಲ್ಲಿದ್ದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಇದೇ ಠಾಣೆಯ ಬೆಂಚಿನ ಮೇಲೆ, ನನ್ನಿಂದ ನಾಲ್ಕು ಅಡಿ ದೂರದಲ್ಲಿ, ಪೊಲೀಸರ ವಶದಲ್ಲಿ ಕೂತು ಕೆಲಸ ಮಾಡುತ್ತಿದ್ದರು.

ಇಷ್ಟನ್ನೂ ಪೇದೆಯವರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಸತ್ಯವಾಗಿದೆ.

ಸ್ಥಳ: ಠಾಣೆ
ದಿನಾಂಕ: ಬಜೆಟ್ ಅಂಗೀಕಾರವಾದ ದಿನ, ಸಂಜೆ 7.40
ಸಹಿ: ಮೈಕಣ್ಣ, ಶಾಸಕ