ಒಂದು ಬಕೆಟ್ ಉಪ್ಪುನೀರು

ಪಾರೊಸ್ ದ್ವೀಪದ ನಮ್ಮ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಜಾಗವೇ ಇರುವುದಿಲ್ಲ. ರಾತ್ರಿಯಿಡೀ ಬೀಚ್ ಕ್ಲಬ್ಬಿನಲ್ಲಿ ಕುಣಿದ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದೇ ನಿದ್ದೆಹೋಗಿದ್ದರು. ಬೆಂಚಿನ ತುದಿಯಲ್ಲಿ ಮುದುಕ ಲೆಫ್ಟೆರಿಸ್, ಪಕ್ಕದಲ್ಲಿ ಅವನ ಹೆಂಡತಿ ಮರೂಸಾ. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆ. ನಾನು ಹಿಂದೆ ನಿಂತಿದ್ದೆ.

“ಇವತ್ತೂ ಕ್ಲಬ್ಬಿಗೆ ಹೋಗಿದ್ದೆ ಅಲ್ವಾ?” ಮರೂಸಾ ಗಂಡನನ್ನು ಕೇಳಿದಳು.

“ಸುಮ್ನೆ ನಡ್ಕೊಂಡು ಹೋಗಿದ್ದೆ.”

“ಬಕೆಟ್ ಹಿಡ್ಕೊಂಡಾ? ಅಲ್ಲಿಯ ಮ್ಯಾನೇಜರ್ ನಿನ್ನೆ ಮನೆಗೇ ಬಂದಿದ್ದ. ಅಜ್ಜ ದಿನಾ ನಮ್ಮ ಬಾರಿಗೆ ಸಮುದ್ರದ ನೀರು ಸುರೀತಾರೆ ಅಂದ.”

“ಅದು ಬಾರಲ್ಲ, ನನ್ನ ದೋಣಿ.”

“ಕ್ಲಬ್ಬಿನವರಿಗೆ ಮಾರಿ ಆಯ್ತಲ್ಲ ಮಾರಾಯ. ಈಗ ಅದರ ತುಂಬ ಬಾಟಲಿ. ರಾತ್ರಿ ಅದರ ಮೇಲೇ ಹತ್ತಿ ಕುಣೀತಾರಂತೆ.”

“ಕುಣೀಲಿ ಬಿಡು. ಮದುವೆ ದಿನ ನಾವಿಬ್ರೂ ಅದರಲ್ಲಿ ಕುಣಿದಿಲ್ವಾ?”

“ಮತ್ತೆ ನೀರು ಯಾಕೆ?”

“ಮರದ ದೋಣಿ. ನೀರು ಬಿಟ್ಟು ಬಿಸಿಲಲ್ಲಿ ನಿಂತ್ರೆ ಹಲಗೆ ಬಾಯಿಬಿಡುತ್ತೆ. ಆಮೇಲೆ ಕಡಲಿಗೆ ಇಳಿಸೋಕಾಗಲ್ಲ.”

“ಇಳಿಸೋರು ಯಾರು? ನೀನಾ, ಈ ಸೊಂಟ ಇಟ್ಕೊಂಡು?”

“ಯಾರೂ ಇಳಿಸಲ್ಲ. ಅದು ನಂಗೂ ಗೊತ್ತು.”

“ಮತ್ತೆ?”

“ಅದಕ್ಕೆ ನಿನ್ನ ಹೆಸರು ಇಟ್ಟಿದೀನಿ ಕಣೇ. ಒಣಗೋಕೆ ಹೇಗೆ ಬಿಡ್ಲಿ?”

ಮರೂಸಾ ಬಗ್ಗಿ ಅವನ ಪ್ಯಾಂಟಿನ ಅಂಚು ಹಿಂಡಿದಳು.

ಬಸ್ಸು ಬಂತು. ಮೆಟ್ಟಿಲು ಹತ್ತಲು ಅವನ ತೋಳು ಹಿಡಿದುಕೊಂಡು ಅವಳು ಗದರಿದಳು: “ಅಷ್ಟು ದೊಡ್ಡ ದೋಣಿಗೆ ಒಂದು ಬಕೆಟ್ ಯಾವ ಮೂಲೆಗೆ ಸಾಕು? ನಾಳೆ ನನ್ನನ್ನೂ ಎಬ್ಬಿಸು.”