ಕೊಳವೆಯೊಳಗೆ ಮನುಷ್ಯನಿದ್ದಾನೆ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಮೇಲಿನ ಟ್ಯಾಂಕಿನ ವಾಲ್ವ್‌ಮನ್ ಅಲ್ವಾ?..."

"ಹಾಂ, ನಾನು ನೀರು ಸರಬರಾಜು ಕಚೇರಿಯಿಂದ, ಕಂಪ್ಯೂಟರ್ ವಿಭಾಗ. ಅಣ್ಣಾ, ಒಂದೇ ಮಾತು ಕೇಳ್ತೀನಿ, ನೆಟ್ಟಗೆ ಹೇಳಿ. ದೊಡ್ಡ ಪೈಪಿಗೆ ನೀರು ಬಿಟ್ಟಿದ್ದೀರಾ?..."

"ಬಿಡ್ತಾ ಇದ್ದೀರಾ? ಈಗಲೇ? ಚಕ್ರ ತಿರುಗಿಸೋದು ನಿಲ್ಸಿ. ಕಾರಣ ಆಮೇಲೆ, ಮೊದಲು ಕೈ ತೆಗೀರಿ..."

ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು. ಸಾಲು ಸಾಲಿಗೂ ತಕರಾರು ತೆಗೆಯುತ್ತಾಳೆಂದು ಕಚೇರಿಯಲ್ಲಿ ಅವಳಿಗೆ ವ್ಯಾಕರಣ ಎಂದೇ ಹೆಸರು ಬಿದ್ದಿತ್ತು. ಊರಿನ ನೀರಿನ ದೂರುಗಳನ್ನೆಲ್ಲ ಈಗ ಎಐ ಏಜೆಂಟ್ ಎಂಬ ಒಂದು ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು. ದೂರು ತೆರೆಯಲು, ಜೋಡಿಸಲು, ಮುಚ್ಚಲು ಅದರ ಕೈಗೆ ಒಂದೊಂದು ಟೂಲ್ ಕೊಟ್ಟಿದ್ದರು. ಯಾವುದನ್ನು ಯಾವಾಗ ಬಳಸಬೇಕೆಂಬ ವಿವರಣೆಯನ್ನು ಮಾತ್ರ ಯಾರೋ ಅವಸರದಲ್ಲಿ ಗೀಚಿಹೋಗಿದ್ದರು. ಅದನ್ನು ತಿದ್ದಿ ಬರೆಯುವುದು ಅವಳ ಪಾಲಿಗೆ ಬಂದಿತ್ತು. ಬೆಳಗಿನಿಂದ ಏಜೆಂಟ್ ಏನೇನು ಮಾಡಿದೆಯೆಂದು ನೋಡುತ್ತ ಕೂತಿದ್ದವಳ ಕಣ್ಣು ಒಂದು ಕಡೆ ಕೀಲಿಸಿತ್ತು, ಮರುಕ್ಷಣ ಕೈ ಫೋನಿಗೆ ಹೋಗಿತ್ತು.

"ಕೆಲಸ ಮುಗೀತು ಅಂತ ಹಸಿರು ಬಂದಿದೆ, ನಿಜ. ನನ್ನ ಪರದೆ ಮೇಲೂ ಹಸಿರೇ. ಆದ್ರೆ ರಿಪೇರಿ ಮುಗಿದಿಲ್ಲ ಅಣ್ಣಾ. ಪೈಪಿನೊಳಗೆ ವೆಲ್ಡರ್ ಇದ್ದಾನೆ. ಬಿಟ್ಟಷ್ಟನ್ನೂ ವಾಪಸ್ ಮುಚ್ಚಬೇಕು..."

"ಯಾರು ಮುಗಿಸಿದ್ದು ಅಂದ್ರೆ... ಮನುಷ್ಯರು ಯಾರೂ ಅಲ್ಲ, ಏಜೆಂಟ್. ತಿರುವಿನ ಹತ್ರ ರಸ್ತೆ ಒದ್ದೆ ಅಂತ ಹಿಂದೆ ಯಾರೋ ದೂರು ಕೊಟ್ಟಿದ್ರು, ಅದು ಮುಗಿದುಹೋದದ್ದು. ಈ ರಿಪೇರಿನೂ ಅದೇ ತಿರುವಿಂದು. ಎರಡೂ ಒಂದೇ ಅಂದ್ಕೊಂಡು ಜೋಡಿಸಿಬಿಟ್ಟಿದೆ. ಮುಗಿದದ್ದಕ್ಕೆ ಸೇರ್ಕೊಂಡು ಇದೂ ಹಸಿರಾಯ್ತು..."

"ಬುದ್ಧಿ ಇಲ್ವಾ ಅಂತೀರಾ? ಬುದ್ಧಿ ಇದೆ, ನಾವು ಹೇಳಿದ್ದು ಸಾಲ್ದು. ಒಂದೇ ವಿಷಯದ ದೂರುಗಳನ್ನ ಜೋಡಿಸುತ್ತದೆ, ಅಷ್ಟೇ ಬರ್ದಿದೆ ಇಲ್ಲಿ. ಜೋಡಿಸಿದ್ರೆ ಇನ್ನೊಂದು ಮುಚ್ಚಿಹೋಗುತ್ತೆ ಅಂತಿಲ್ಲ. ಹೊಸಬನ ಕೈಗೆ ನಿಮ್ಮ ಚಕ್ರ ಕೊಟ್ಟು, ತಿರುಗ್ಸಪ್ಪಾ ಅಂತ ಹೇಳಿ ಹೊರಟುಹೋದ್ರೆ ಅವನೇನು ಮಾಡ್ತಾನೆ? ತಿರುಗಿಸ್ತಾನೆ, ಅಲ್ವಾ?..."

ವಾಲ್ವ್‌ಮನ್ ಒಪ್ಪಲಿಲ್ಲ. ಊರಿಗೆ ಊರೇ ನೀರಿಗಾಗಿ ಕಾಯುತ್ತಿದೆ, ಹಸಿರಿದ್ದಾಗ ನೀರು ತಡೆದರೆ ತನ್ನ ಕೆಲಸಕ್ಕೇ ಕುತ್ತು, ಕೆಂಪು ಮಾಡಿಸಿ ಆಮೇಲೆ ಹೇಳಿ ಎಂದು ರಾಗ ಎಳೆದ. ಕೆಂಪು ಮಾಡುವ ಅಧಿಕಾರವಿದ್ದ ಮೇಲಧಿಕಾರಿ ಮೀಟಿಂಗಿನಲ್ಲಿ ಫೋನು ಬಂದ್ ಮಾಡಿ ಕೂತಿದ್ದರು. ಗುತ್ತಿಗೆದಾರ ಫೋನ್ ಎತ್ತುತ್ತಿರಲಿಲ್ಲ. ತಂತಿಯ ಆ ಕಡೆ ಏನೋ ಗುಂಯ್ ಎನ್ನುತ್ತಿತ್ತು. ಅದು ನೀರು ಎಂದು ಅವಳಿಗೆ ಹೊಳೆಯಲು ಕೊಂಚ ಹೊತ್ತೇ ಹಿಡಿಯಿತು.

"ಯಾವ ವೆಲ್ಡರ್ ಅಂದ್ರೆ ನಂಗೇನು ಗೊತ್ತಣ್ಣಾ... ತಾಳಿ, ಇಲ್ಲಿ ಬರ್ದಿದ್ದಾರೆ. ಎಡಚ ಅಂತಿದೆ. ಎಡಗೈಲಿ ಕೆಲಸ ಮಾಡ್ತಾನೇನೋ..."

"ಹಲೋ?... ಹಲೋ, ಅಣ್ಣಾ?..."

"ನಿಮ್ಮ ಷಡ್ಡಕನಾ?..."

ಕೈಬಿಟ್ಟ ರಿಸೀವರ್ ಗೋಡೆಗೆ ಬಡಿದ ಸದ್ದಾಯಿತು. ಆಮೇಲೆ ಕಬ್ಬಿಣದ ಚಕ್ರ ಕಿರ್ರೆನ್ನುವುದು ಕೇಳಿಸತೊಡಗಿತು. ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಅವಳು ಕಿವಿಯನ್ನು ಅಲ್ಲೇ ಇಟ್ಟುಕೊಂಡು ಏಜೆಂಟನ್ನು ನಿಲ್ಲಿಸಿದಳು. ಕೈ ಸುಮ್ಮನಿರಲಾರದೆ ಆ ಒಂದು ಸಾಲಿನ ಕೆಳಗೆ ಬರೆದಳು: ಈ ಟೂಲ್ ಎರಡನೆಯ ದೂರನ್ನು ಮುಚ್ಚುತ್ತದೆ. ಜನ ಸ್ಥಳದಲ್ಲಿ ಕೆಲಸ ಮಾಡುತ್ತಿರುವ ದೂರಿಗೆ ಇದನ್ನು ಬಳಸಬಾರದು. ಸಂದೇಹವಿದ್ದರೆ ಜೋಡಿಸಬೇಡ, ಮನುಷ್ಯರನ್ನು ಕೇಳು. ಬರೆದದ್ದನ್ನು ಓದಿದಳು. ಇಷ್ಟು ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲವೇ ಎಂದುಕೊಂಡಳು.

"ಹಾಂ, ಇದ್ದೀನಿ, ಹೇಳಿ... ಪೂರ್ತಿ ಮುಚ್ಚಿದ್ರಾ?... ಆದ್ರೆ ಹೋದ ನೀರು ಹೋಯ್ತಲ್ವಾ. ನಿಮ್ಮ ಮೊಬೈಲಿಂದ ಅವನಿಗೆ ಫೋನ್ ಮಾಡಿ. ಪೈಪಿನ ಬಾಯಲ್ಲಿ ನಿಂತಿರೋ ಜೊತೆಗಾರ ಎತ್ತಬಹುದು..."

"ನಂಬರ್ ಇಲ್ವಾ? ಯಾಕಿಲ್ಲ?... ಅಳಿಸಿಹಾಕಿದ್ರಾ..."

ನೀರು ಬಿಡುವ ಮುಂಚೆ ಕೆಳಗಿದ್ದವರನ್ನು ಒಂದು ಮಾತು ಕೇಳುವ ರೂಢಿ ಮೊದಲಿತ್ತಂತೆ. ಪರದೆ ಬಂದ ಮೇಲೆ ಅದು ಬೇಡವಾಯಿತು. ಯಾವುದೋ ಮದುವೆಯ ಊಟದಲ್ಲಿ ಮಾತಿಗೆ ಮಾತು ಬೆಳೆದಂದಿನಿಂದ ಷಡ್ಡಕರಿಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಕೇಳದೇ ಇರಲು ಪರದೆಯೊಂದು ಸಿಕ್ಕಿದ್ದು ಒಳ್ಳೆಯದೇ ಆಗಿತ್ತು. ಅವನು ಇದನ್ನೆಲ್ಲ ತಡವರಿಸುತ್ತ ಹೇಳಲು ಹೊರಟಾಗ ಅವಳು ನಡುವೆಯೇ ತಡೆದಳು.

"ಅದಿರ್ಲಿ ಅಣ್ಣಾ. ಅಕ್ಕತಂಗಿಯರು ಮಾತಾಡ್ತಾರೆ ತಾನೇ? ಮನೇಲಿ ಅತ್ತಿಗೆಗೆ ಫೋನ್ ಮಾಡಿ ನಂಬರ್ ಇಸ್ಕೊಳ್ಳಿ. ಇದನ್ನ ಇಡಬೇಡಿ..."

ಅವಳು ಕಾದಳು. ಪಕ್ಕದ ಮೇಜಿನವನು ಏನಾಯಿತೆಂದು ಸನ್ನೆಯಲ್ಲಿ ಕೇಳಿದ. ಅವಳು ಕೈ ಎತ್ತಿ ಸುಮ್ಮನಿರಿಸಿದಳು.

"ಎತ್ತಿದ್ರಾ? ಯಾರು?... ಜೊತೆಗಾರ ಕೂಗಿದ್ನಾ?... ಒಳಗಿಂದ ಉತ್ತರ ಇಲ್ವಾ?..."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಬಂದ್ನಾ? ಯಾರು, ಅವನೇನಾ? ನೀವೇ ಧ್ವನಿ ಕೇಳಿದ್ರಾ?... ನೀರು ಎದೆವರೆಗೆ ಬಂದಿತ್ತಾ?..."

"ಏನಂದ?... ಬೈದ್ನಾ? ಬೈಲಿ ಬಿಡಿ ಅಣ್ಣಾ. ಹೊಟ್ಟೆ ತುಂಬ ಬೈಸ್ಕೊಳ್ಳಿ ಇವತ್ತು..."

ಆ ಕಡೆ ಅವನು ಅಳುತ್ತಿದ್ದ. ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ಏಜೆಂಟೇನೋ ನಿಂತಿತ್ತು, ಆದರೆ ಬೆಳಗಿನಿಂದ ಅದು ಮಾಡಿಟ್ಟಿದ್ದು ಹಾಗೇ ಇತ್ತು. ಪರದೆಯನ್ನು ಕೆಳಗೆ ಸರಿಸಿದಳು. ಬೀದಿ ನಲ್ಲಿ, ಒಡೆದ ಮೀಟರ್, ಮತ್ತೆ ಬೀದಿ ನಲ್ಲಿ. ಅದರ ಕೆಳಗೆ ನದಿಯಾಚೆಯ ಪಂಪ್‌ಹೌಸ್, ಕಾಲುವೆ ಸ್ವಚ್ಛಮಾಡುವ ಕೆಲಸ, ನಾಲ್ವರು ಒಳಗೆ. ಯಾವುದೋ ಹಳೆಯ ದೂರಿಗೆ ಜೋಡಿಸಲಾಗಿದೆ. ಹಸಿರು.

"ಅಣ್ಣಾ, ಅಳು ನಿಲ್ಸಿ, ಇಲ್ಲಿ ಕೇಳಿ. ನದಿಯಾಚೆ ಪಂಪ್‌ಹೌಸಲ್ಲಿ ನಿಮಗೆ ಗೊತ್ತಿರೋರು ಯಾರಿದ್ದಾರೆ? ನಂಬರ್ ಹೇಳಿ, ಬೇಗ..."

"ಯಾಕೆ ಅಂತ ಕೇಳಬೇಡಿ. ಅಲ್ಲೂ ಹಸಿರು ಬಂದಿದೆ... ಹಾಂ, ಅಲ್ಲೂ ಒಳಗೆ ಜನ..."

"ಅವರೂ ನಿಧಾನಕ್ಕೆ ತಾನೇ ಬಿಡೋದು? ಚಕ್ರ ತಿರುಗಿಸೋಕೆ ಹೊತ್ತು ಹಿಡಿಯುತ್ತೆ ಅಲ್ವಾ?..."

"ಚಕ್ರ ಇಲ್ವಾ?..."

"ಬಟನ್ನಾ? ಒಂದು ಬಟನ್ ಒತ್ತಿದ್ರೆ ಅಷ್ಟೂ ನೀರು... ಹಲೋ? ನಂಬರ್ ಹೇಳಿ ಅಣ್ಣಾ, ನಂಬರ್... ಹಲೋ... ಹಲೋ..."