ತೂಕಕ್ಕೆ ಹೋದ ಕಾದಂಬರಿ

ವೋಲ್ಗಾ ದಂಡೆಯ ಆ ಪೇಟೆಯಲ್ಲಿ ರದ್ದಿ ಕಾಗದ ಹಾಕಿದವರಿಗೆ ಹೊಸ ಪುಸ್ತಕ ಕೊಳ್ಳುವ ಚೀಟಿ ಸಿಗುತ್ತಿತ್ತು. ಹಳೆಯ ಪತ್ರಿಕೆಗಳ ಮೂಟೆ ಹೊತ್ತು ನಿಂತಿದ್ದ ನಿಕಿಫೋರನಿಗೆ ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬ ಮುದುಕಿ ಮತ್ತು ಕೈಬರಹದ ಹಾಳೆಗಳ ಕಟ್ಟು ಹಿಡಿದಿದ್ದ ಹೆಂಗಸಿನ ಮಾತು ಕೇಳಿಸಿತು.

“ಇದು ನಿನ್ನ ಗಂಡ ಬರೆದಿದ್ದೇನೇ, ತಾಯಿಸಿಯಾ?”

“ಹೂಂ ಅಜ್ಜಿ. ಇನ್ನೂರು ವರ್ಷ ಆದ್ಮೇಲಿನ ಕಥೆ. ಆಗಲೂ ಬ್ರೆಡ್ಡಿಗೆ ಕ್ಯೂ ಇರ್ತದೆ ಅಂತ ಬರೆದ. ಅದಕ್ಕೇ ಪೊಲೀಸರು ಹಿಡ್ಕೊಂಡು ಹೋದ್ರು.”

“ಕಥೇಲಿ ಚಂದ್ರನ ಮೇಲೆ ಮನೆ ಕಟ್ಟೋನಿಗೆ ಆ ಕ್ಯೂ ಒಂದನ್ನ ತೆಗೆಯೋಕೆ ಆಗ್ಲಿಲ್ವಾ?”

“ನಾನೂ ಬೇಡ್ಕೊಂಡೆ. ‘ನಿಂತು ನಿಂತು ಕಾಲು ಊದಿಸ್ಕೊಂಡವಳು, ನೀನೇ ಹೀಗಂತೀಯಾ’ ಅಂದ.”

“ಇನ್ನೊಂದು ಪ್ರತಿ ಇಟ್ಟಿದ್ದೀಯಾ?”

“ಇಲ್ಲ. ನಾಳೆ ಮತ್ತೆ ಮನೆ ಹುಡುಕ್ತಾರಂತೆ. ಇದು ಸಿಕ್ಕರೆ ಅವನು ಜೀವಂತ ಬರೋದಿಲ್ಲ.”

ತೂಕದವನು ಆ ಕಟ್ಟನ್ನು ತೂಗಿ, ರದ್ದಿ ರಾಶಿಯ ಮೇಲೆಸೆದು ಚೀಟಿ ನೀಡಿದ.

“ಬೇಡ,” ಎಂದಳು ತಾಯಿಸಿಯಾ.

“ನಂಗಾದ್ರೂ ಕೊಡಿಸೇ, ಮೊಮ್ಮಗಳು ಕಥೆಪುಸ್ತಕ ಕೇಳ್ತಾಳೆ,” ಎಂದ ಮುದುಕಿ ಚೀಟಿಯನ್ನು ಮಡಿಚಿಟ್ಟುಕೊಂಡು, ಅವಳ ತೋಳು ಹಿಡಿದು ಬಾಗಿಲತ್ತ ನಡೆಸಿಕೊಂಡು ಹೋದಳು.